ವಿಶ್ವಕಿರಣಗಳ ಹಿಂದೆ ಹೋದ ಹೋಮಿ ಭಾಭಾ ಮತ್ತು ನಮ್ಮ ಶಾಲೆಯ ದಾಖಲಾತಿ ಪುಸ್ತಕ

ನಮ್ಮ ಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಕುರಿತು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ನಾನು ಲೇಖಕನಲ್ಲ. ಇದೇ ಶಾಲೆಯಲ್ಲಿ ಓದಿ, ಈಗ ಮೈಸೂರು ನಗರದಲ್ಲಿ ಸಣ್ಣದೊಂದು ಕಂಪ್ಯೂಟರ್ ದುರಸ್ತಿ ಅಂಗಡಿ ನಡೆಸುತ್ತಿರುವವನು. ಆದರೂ ಒಪ್ಪಿಕೊಂಡೆ. ಅದಕ್ಕೆ ಕಾರಣ ಕಳೆದ ವರ್ಷ ನಮ್ಮ ಶಾಲೆಯ ದಾಖಲಾತಿ ಪುಸ್ತಕದ ವಿಷಯದಲ್ಲಿ ನನ್ನಿಂದಲೇ ಆದ ಒಂದು ಎಡವಟ್ಟು. ಅದನ್ನು ಮೊದಲು ಹೇಳಿಬಿಡುತ್ತೇನೆ.

1975ರಿಂದ ಬರೆದಿಟ್ಟ ನಮ್ಮ ದಾಖಲಾತಿ ಪುಸ್ತಕಗಳ ಹಾಳೆ ಹಳದಿಯಾಗಿದೆ, ಅಂಚು ಉದುರುತ್ತಿದೆ. ಹಳ್ಳಿಯಾಗಿದ್ದ ನಮ್ಮೂರು ಇಂದು ನಗರಕ್ಕೆ ಸೇರಿಹೋಗಿದ್ದರೂ ಹಿರಿಯರಲ್ಲಿ ಅನೇಕರಿಗೆ ಹುಟ್ಟಿದ ದಿನಕ್ಕೆ ಇರುವ ಆಧಾರ ಆ ಪುಸ್ತಕವೊಂದೇ. ನೌಕರಿ, ನಿವೃತ್ತಿ, ಪಿಂಚಣಿ, ಪಾಸ್‌ಪೋರ್ಟ್ ಎಲ್ಲಕ್ಕೂ ಅಲ್ಲಿಂದಲೇ ದಾಖಲೆ ಬರಬೇಕು. ಆದ್ದರಿಂದ ಸುವರ್ಣ ಮಹೋತ್ಸವದ ಕೆಲಸವಾಗಿ ಅದನ್ನೆಲ್ಲ ಕಂಪ್ಯೂಟರಿಗೆ ಏರಿಸೋಣವೆಂದು ತೀರ್ಮಾನವಾಯಿತು. ಅಂಗಡಿಯಲ್ಲಿದ್ದ ಬಿಡಿಭಾಗಗಳಿಂದ ನಾನೇ ಒಂದು ಕಂಪ್ಯೂಟರ್ ಜೋಡಿಸಿಕೊಟ್ಟೆ. ಹಳೆಯ ವಿದ್ಯಾರ್ಥಿಗಳು ಸರದಿಯಲ್ಲಿ ಬಂದು ಟೈಪ್ ಮಾಡಿದರು.

ಕೊನೆಯಲ್ಲಿ ತಾಳೆ ನೋಡುತ್ತಿದ್ದ ಮೇಡಂ ಒಂದು ಸಾಲಿನ ಹತ್ತಿರ ನಿಂತರು. 1975ರಲ್ಲಿ ಎಂಟನೇ ತರಗತಿಗೆ ಸೇರಿದ ಹುಡುಗನ ಹುಟ್ಟಿದ ವರ್ಷ 1969 ಎಂದಿತ್ತು. ಆರು ವರ್ಷದ ಮಗು ಎಂಟನೇ ತರಗತಿಗೆ ಬಂದದ್ದು ಹೇಗೆಂದು ಎಲ್ಲರೂ ನಕ್ಕೆವು. ಪುಸ್ತಕದಲ್ಲಿ 1961 ಎಂದಿತ್ತು. ಟೈಪ್ ಮಾಡಿದವರ ತಪ್ಪೆಂದುಕೊಂಡೆವು. ಆದರೆ ಟೈಪ್ ಮಾಡಿದ ದಿನವೇ ತೆಗೆದಿಟ್ಟ ಪ್ರಿಂಟಿನಲ್ಲಿ 1961 ಸರಿಯಾಗಿಯೇ ಇತ್ತು! ಎಲ್ಲ ವರ್ಷಗಳ ಕಡತಗಳನ್ನು ಒಂದಾಗಿ ಸೇರಿಸಿ ಮತ್ತೆ ಉಳಿಸುವಾಗ ಕಂಪ್ಯೂಟರೇ ಅದನ್ನು ಬದಲಿಸಿತ್ತು. ಹುಡುಕಿದಾಗ ಇನ್ನೊಂದು ಕಡೆ 1960 ಹೋಗಿ 1968 ಆಗಿತ್ತು.

ನನಗೆ ಆಗಲೇ ಅನುಮಾನ ಬಂತು. ಕಂಪ್ಯೂಟರ್ ಪ್ರತಿ ಅಂಕಿಯನ್ನೂ ಎಂಟು ಸೊನ್ನೆ-ಒಂದುಗಳ ಸಾಲಾಗಿ ಇಟ್ಟುಕೊಳ್ಳುತ್ತದೆ. ಒಂದೊಂದು ಗುರುತಿಗೂ ಬಿಟ್ ಎಂದು ಹೆಸರು. 1 ಎಂಬ ಅಂಕಿ 00110001, 9 ಎಂಬ ಅಂಕಿ 00111001. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಬಿಟ್. 0 ಮತ್ತು 8ಕ್ಕೂ ಅದೇ ಒಂದು ಬಿಟ್ಟಿನ ಅಂತರ. ಅಂದರೆ ರ್ಯಾಮ್‌ನಲ್ಲಿ ಯಾವುದೋ ಒಂದು ಬಿಟ್ ಮಗುಚಿಕೊಂಡಿದೆ. ರಾತ್ರಿಯಿಡೀ ಮೆಮೊರಿ ಪರೀಕ್ಷೆ ಹಾಕಿಟ್ಟೆ. ಒಂದು ರ್ಯಾಮ್ ಸ್ಟಿಕ್ಕಿನಲ್ಲಿ ಒಂದು ಜಾಗ ಕೆಟ್ಟಿದ್ದು ಬೆಳಿಗ್ಗೆ ಗೊತ್ತಾಯಿತು. ಮಗುಚಿದ್ದು ಈ ಬಿಟ್ ಆಗಿದ್ದರಿಂದ ಸಿಕ್ಕಿಬಿತ್ತು. ಇನ್ನೊಂದು ಬಿಟ್ ಆಗಿದ್ದರೆ 1961 ಹೋಗಿ 1963 ಆಗುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಒಬ್ಬರ ವಯಸ್ಸೇ ಎರಡು ವರ್ಷ ಕಡಿಮೆಯಾಗಿ ಶಾಶ್ವತವಾಗಿ ಉಳಿದುಬಿಡುತ್ತಿತ್ತು.

ಸಮಿತಿಯ ಸಭೆಯಲ್ಲಿ ನಾನು ನಡೆದದ್ದನ್ನು ಹೇಳಿ, ಈ ಕೆಲಸಕ್ಕೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇ.ಸಿ.ಸಿ. ಮೆಮೊರಿ ಇರುವ ಕಂಪ್ಯೂಟರ್ ಬೇಕೆಂದು ಕೇಳಿದೆ. ಅದಕ್ಕೆ ಖರ್ಚು ಹೆಚ್ಚು. ರ್ಯಾಮ್ ಕೆಡುವುದಷ್ಟೇ ಅಲ್ಲ, ಆಕಾಶದಿಂದ ಬರುವ ಕಣಗಳೂ ಒಳ್ಳೆಯ ರ್ಯಾಮ್‌ನಲ್ಲಿ ಬಿಟ್ ಮಗುಚಬಲ್ಲವು ಎಂದು ಉತ್ಸಾಹದಲ್ಲಿ ಸೇರಿಸಿದೆ. ಹಿರಿಯ ಸದಸ್ಯರೊಬ್ಬರಿಗೆ ನಗು ಬಂತು. ಶಾಲೆಯ ಬೀರುವಿನೊಳಕ್ಕೆ ಆಕಾಶ ಬರುತ್ತದೆಯೇ ಎಂದು ಕೇಳಿದರು. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಾದರೆ ಹೋಮಿ ಜಹಾಂಗೀರ್ ಭಾಭಾ ಅವರ ಜೀವನವನ್ನೇ ಹೇಳಬೇಕು. ಆಕಾಶದ ಆ ಕಣಗಳನ್ನು ನಮ್ಮ ನಾಡಿನಲ್ಲಿ ಕುಳಿತು ಅಳೆದವರು ಅವರು. ದೇಶದ ಮೊದಲ ಸ್ವಂತ ಕಂಪ್ಯೂಟರ್ ತಯಾರಾದದ್ದೂ ಅವರ ಸಂಸ್ಥೆಯಲ್ಲೇ.

ಭಾಭಾ ಅವರನ್ನು ಅಣುಶಕ್ತಿಯ ಹೆಸರಿನೊಂದಿಗೆ ಎಲ್ಲರೂ ಬಲ್ಲರು. ಅವರ ಮನೆತನಕ್ಕೆ ಮೈಸೂರಿನ ನಂಟಿತ್ತೆಂಬುದು ಬಹಳ ಜನರಿಗೆ ತಿಳಿಯದು. ಅವರ ತಾತ ಹೋರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್ ಆಗಿದ್ದವರು. ಅಂದರೆ ಸಂಸ್ಥಾನದ ಶಾಲೆಗಳ ಮೇಲ್ವಿಚಾರಣೆ ಅವರದಾಗಿತ್ತು. ಮೊಮ್ಮಗನಿಗೆ ಬಂದದ್ದು ಆ ತಾತನ ಹೆಸರೇ. ತಂದೆ ಜಹಾಂಗೀರ್ ಅವರು ಬೆಂಗಳೂರಿನಲ್ಲಿ ಬೆಳೆದು, ಇಂಗ್ಲೆಂಡಿನಲ್ಲಿ ಕಾನೂನು ಓದಿ ಬಂದು, ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿ ವೃತ್ತಿ ಆರಂಭಿಸಿದರು. ಮದುವೆಯ ನಂತರ ಮುಂಬಯಿಗೆ ಹೋಗಿ ನೆಲೆಸಿದರು. ಸೋದರತ್ತೆ ಮೆಹರ್‌ಬಾಯಿ ಸರ್ ದೊರಾಬ್‌ಜಿ ಟಾಟಾ ಅವರ ಪತ್ನಿ. ಮುಂದೆ ಭಾಭಾ ಅವರ ಸಂಶೋಧನೆಗೆ ನೆರವಾದ ಧರ್ಮಸಂಸ್ಥೆ ಈ ದೊರಾಬ್‌ಜಿಯವರ ಹೆಸರಿನದೇ.

ಹೋಮಿ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯಲ್ಲಿ. ಮನೆಯಲ್ಲಿ ಪುಸ್ತಕ, ಚಿತ್ರ, ಪಾಶ್ಚಾತ್ಯ ಸಂಗೀತ ಎಲ್ಲವೂ ಇದ್ದವು. ಕೊನೆಯವರೆಗೂ ಅವರು ಚಿತ್ರ ಬರೆಯುತ್ತಿದ್ದರು. ಓದಿ ಎಂಜಿನಿಯರ್ ಆಗಿ ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆಗೆ ಸೇರಲಿ ಎಂದು ಹಿರಿಯರ ಆಸೆ. 1927ರಲ್ಲಿ ಕೇಂಬ್ರಿಡ್ಜ್‌ಗೆ ಕಳುಹಿಸಿದರು. ಹುಡುಗನ ಮನಸ್ಸು ಭೌತಶಾಸ್ತ್ರದ ಕಡೆ ಹೊರಳಿತು. ಮೊದಲು ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬರಲಿ, ಆಮೇಲೆ ಇಷ್ಟದ ವಿಷಯ ಓದಬಹುದು ಎಂದು ತಂದೆ ಷರತ್ತು ಹಾಕಿದರು. 1930ರಲ್ಲಿ ಪ್ರಥಮ ದರ್ಜೆ ತೆಗೆದುಕೊಂಡೇ ಹೋಮಿ ಭೌತಶಾಸ್ತ್ರಕ್ಕೆ ಬಂದರು.

ಆಗ ಕೇಂಬ್ರಿಡ್ಜ್‌ನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ವಿಶ್ವಕಿರಣಗಳ ಮಾತು. ಬಾಹ್ಯಾಕಾಶದಿಂದ ಭೂಮಿಯ ಕಡೆಗೆ ಹಗಲೂ ರಾತ್ರಿ ಅತಿ ವೇಗದ ಕಣಗಳು ಬರುತ್ತಿರುತ್ತವೆ. 1933ರಲ್ಲಿ ಭಾಭಾ ಅವರ ಮೊದಲ ಪ್ರಬಂಧ ಪ್ರಕಟವಾದದ್ದು ಈ ವಿಷಯದ ಮೇಲೆಯೇ. 1937ರಲ್ಲಿ ಅವರೂ ಹೈಟ್ಲರ್ ಎಂಬ ವಿಜ್ಞಾನಿಯೂ ಸೇರಿ ಒಂದು ಮುಖ್ಯವಾದ ಲೆಕ್ಕವನ್ನು ಬಿಡಿಸಿದರು. ಹೆಚ್ಚು ಶಕ್ತಿಯ ಒಂದು ಎಲೆಕ್ಟ್ರಾನ್ ವಾತಾವರಣಕ್ಕೆ ನುಗ್ಗಿದರೆ ಅದರಿಂದ ಗಾಮಾ ಕಿರಣ ಹೊರಡುತ್ತದೆ. ಆ ಕಿರಣದಿಂದ ಮತ್ತೆ ಎರಡು ಕಣ ಹುಟ್ಟುತ್ತವೆ. ಅವುಗಳಿಂದ ಮತ್ತೆ ಕಿರಣ. ಹೀಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಳಗೆ ಬರುವಷ್ಟರಲ್ಲಿ ಕಣಗಳ ಒಂದು ಜಡಿಮಳೆಯೇ ಆಗುತ್ತದೆ. ಇದರ ಜೊತೆಗೆ ಗಾಳಿಯ ಪರಮಾಣುಗಳ ನ್ಯೂಕ್ಲಿಯಸ್ ಒಡೆದು ನ್ಯೂಟ್ರಾನ್ ಮೊದಲಾದ ಬೇರೆ ಕಣಗಳೂ ಹುಟ್ಟುತ್ತವೆ. ಈ ಮಳೆಗೆ ಹೆಂಚೂ ಇಲ್ಲ, ತಾರಸಿಯೂ ಇಲ್ಲ. ಈ ಸಾಲು ಓದುತ್ತಿರುವಾಗಲೂ ಅದು ನಮ್ಮ ಮೈ ತೂರಿ ಹೋಗುತ್ತಿದೆ. ಶಾಲೆಯ ಬೀರುವಿನೊಳಕ್ಕೂ ಆಕಾಶ ಬರುತ್ತದೆ ಎಂಬುದು ಹೀಗೆ.

1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಎರಡನೇ ಮಹಾಯುದ್ಧ ಆರಂಭವಾಯಿತು. ಹಿಂದಿರುಗಲು ಆಗಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ.ವಿ. ರಾಮನ್ ಅವರಿದ್ದ ಭೌತಶಾಸ್ತ್ರ ವಿಭಾಗದಲ್ಲಿ ರೀಡರ್ ಆಗಿ ಸೇರಿದರು. ನಮ್ಮ ಜನ ಟಾಟಾ ಇನ್ಸ್‌ಟಿಟ್ಯೂಟ್ ಎಂದು ಕರೆಯುವುದು ಆ ಸಂಸ್ಥೆಯನ್ನೇ. ದೊರಾಬ್‌ಜಿ ಟಾಟಾ ಧರ್ಮಸಂಸ್ಥೆಯ ನೆರವಿನಿಂದ ಅಲ್ಲಿ ವಿಶ್ವಕಿರಣ ಸಂಶೋಧನಾ ಘಟಕ ಆರಂಭವಾಯಿತು. 1941ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಆಗ ಅವರಿಗೆ ಇನ್ನೂ ಮೂವತ್ತೊಂದು ವರ್ಷ.

ದಕ್ಷಿಣ ಭಾರತ ವಿಶ್ವಕಿರಣ ಅಳೆಯುವವರಿಗೆ ಒಳ್ಳೆಯ ಜಾಗ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಬಾಹ್ಯಾಕಾಶದಿಂದ ಬರುವ ಕಣಗಳನ್ನು ಅದು ಬಾಗಿಸಿ ಅತ್ತ ತಳ್ಳುತ್ತದೆ. ಈ ಕಾವಲು ಅತಿ ಬಿಗಿಯಾಗಿರುವುದು ಭೂಕಾಂತದ ಸಮಭಾಜಕದ ಹತ್ತಿರ. ಆ ರೇಖೆ ನಮ್ಮ ದೇಶದ ದಕ್ಷಿಣದ ತುದಿಯಲ್ಲಿ ಹಾದುಹೋಗುತ್ತದೆ. ಆದ್ದರಿಂದ ಇಲ್ಲಿ ಕಡಿಮೆ ಶಕ್ತಿಯ ಕಣಗಳು ಒಳಗೆ ಬರಲಾರವು, ಬಲು ಶಕ್ತಿಯವು ಮಾತ್ರ ಬರುತ್ತವೆ. ಅಮೆರಿಕದ ಮಿಲಿಕನ್ ಅವರು ಆ ಕಾಲದಲ್ಲಿ ಬೆಂಗಳೂರಿಗೆ ಬಂದು ಬಲೂನು ಹಾರಿಸಿದ್ದು ಇದಕ್ಕಾಗಿಯೇ. ಭಾಭಾ ಅವರೂ ವಿಮಾನದಲ್ಲಿ ಉಪಕರಣಗಳನ್ನು ಮೇಲಕ್ಕೆ ಕಳುಹಿಸಿ ಅಳೆದರು. ವಿದೇಶಕ್ಕೆ ಮರಳುವ ಅವಕಾಶ ಬಂದರೂ, ಇಲ್ಲಿಯೇ ಒಂದು ಸಂಸ್ಥೆ ಕಟ್ಟಬೇಕೆಂಬ ನಿರ್ಧಾರ ಬೆಂಗಳೂರಿನ ಈ ವರ್ಷಗಳಲ್ಲಿ ಗಟ್ಟಿಯಾಯಿತು. 1944ರ ಮಾರ್ಚ್‌ನಲ್ಲಿ ಟಾಟಾ ಧರ್ಮಸಂಸ್ಥೆಗೆ ಪತ್ರ ಬರೆದರು. 1945ರ ಜೂನ್‌ನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಕಣ್ಣು ಬಿಟ್ಟು, ಆ ವರ್ಷದ ಕೊನೆಯಲ್ಲಿ ಮುಂಬಯಿಗೆ ಹೋಯಿತು.

ಮುಂಬಯಿಗೆ ಹೋದ ಮೇಲೂ ಅವರ ಕೆಲಸ ನಮ್ಮ ನಾಡನ್ನು ಬಿಡಲಿಲ್ಲ. ಕಣಗಳು ಎಷ್ಟು ಆಳಕ್ಕೆ ಇಳಿಯುತ್ತವೆ ಎಂದು ತಿಳಿಯಲು ಕೋಲಾರದ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಯಾವುದಿದೆ? 1950ರ ದಶಕದ ಆರಂಭದಲ್ಲಿ ಅವರ ತಂಡ ಗಣಿಯೊಳಗೆ ಇಳಿಯಿತು. ಹೀಗೆ ಇಳಿದವರಲ್ಲಿ ಮುಖ್ಯರು ಬಿ.ವಿ. ಶ್ರೀಕಂಠನ್. ನಮ್ಮ ಪಕ್ಕದ ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದ ಪದವಿ ಪಡೆದು, 1948ರಲ್ಲಿ ಭಾಭಾ ಅವರ ಸಂಸ್ಥೆಗೆ ಸೇರಿದವರು. ಮುಂದೆ 1975ರಿಂದ 1987ರವರೆಗೆ ಅದೇ ಸಂಸ್ಥೆಯ ನಿರ್ದೇಶಕರಾದರು. 1965ರಲ್ಲಿ ಕೋಲಾರದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿತು. ಉಳಿದ ಕಣಗಳ ಗದ್ದಲವನ್ನು ಅಷ್ಟು ಬಂಡೆ ತಡೆದದ್ದರಿಂದ ಅದು ಸಾಧ್ಯವಾಯಿತು.

ಇನ್ನೊಂದು ಕಡೆ, ಈ ಲೆಕ್ಕಗಳನ್ನೆಲ್ಲ ಕೈಯಲ್ಲಿ ಮಾಡುವುದು ಕಷ್ಟವಾದಾಗ ಕಂಪ್ಯೂಟರ್ ಬೇಕಾಯಿತು. ಹೊರಗಿನಿಂದ ತರಿಸುವ ಬದಲು ಇಲ್ಲಿಯೇ ಕಟ್ಟಲು ಭಾಭಾ ಅವರು ಬೆಂಬಲ ಕೊಟ್ಟರು. ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಯುವಕರ ತಂಡ ಮೊದಲು 1956ರಲ್ಲಿ ಒಂದು ಮಾದರಿ ಯಂತ್ರ ಮಾಡಿ, 1960ರಲ್ಲಿ ಪೂರ್ಣ ಯಂತ್ರವನ್ನು ನಡೆಸಿತು. 1962ರಲ್ಲಿ ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟವರು ಪ್ರಧಾನಿ ನೆಹರು. ಸಣ್ಣ ಸಣ್ಣ ಕಾಂತೀಯ ಉಂಗುರಗಳೇ ಅದರ ಮೆಮೊರಿ. ಒಂದು ಉಂಗುರಕ್ಕೆ ಒಂದು ಬಿಟ್. 40 ಬಿಟ್ಟಿನ 2,048 ಪದಗಳು, ಅಂದರೆ ಒಟ್ಟು 81,920 ಬಿಟ್. ಇಂದು ನನ್ನ ಅಂಗಡಿಯಲ್ಲಿ ಮಾರುವ 16 ಜಿ.ಬಿ. ರ್ಯಾಮ್‌ನಲ್ಲಿ 13,700 ಕೋಟಿಗೂ ಹೆಚ್ಚು ಬಿಟ್ಟುಗಳಿವೆ. ಕಣ್ಣಿಗೆ ಕಾಣುತ್ತಿದ್ದ ಉಂಗುರ ಹೋಗಿ, ಪ್ರತಿ ಬಿಟ್ಟೂ ಸಿಲಿಕಾನ್ ಚೂರಿನಲ್ಲಿ ತುಂಬಿಟ್ಟ ಒಂದು ತೊಟ್ಟು ವಿದ್ಯುತ್ತಾಗಿದೆ.

1966ರ ಜನವರಿ 24ರಂದು ಭಾಭಾ ಅವರು ಪ್ರಯಾಣ ಮಾಡುತ್ತಿದ್ದ ಏರ್ ಇಂಡಿಯಾ ವಿಮಾನ ಯೂರೋಪಿನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. ಅವರಿಗೆ ಐವತ್ತಾರು ವರ್ಷ. ಅಣುಶಕ್ತಿ ಆಯೋಗ, ಅಪ್ಸರಾ ರಿಯಾಕ್ಟರ್, ತಿರುವನಂತಪುರದ ಬಳಿಯ ತುಂಬಾ ಗ್ರಾಮದ ರಾಕೆಟ್ ನೆಲೆ, ಹೀಗೆ ಅವರು ನಿಂತು ಬೆಳೆಸಿದ್ದು ಹಲವು. ಆದರೆ ಅವರ ಎರಡು ಕೆಲಸಗಳು, ಅಂದರೆ ವಿಶ್ವಕಿರಣ ಮತ್ತು ಕಂಪ್ಯೂಟರ್, ಒಂದಕ್ಕೊಂದು ಎದುರಾದದ್ದನ್ನು ನೋಡಲು ಅವರು ಉಳಿಯಲಿಲ್ಲ.

ಅದು ಆದದ್ದು 1970ರ ದಶಕದ ಕೊನೆಯಲ್ಲಿ. ಮೆಮೊರಿ ಚಿಪ್ಪುಗಳಲ್ಲಿ ಬಿಟ್ಟುಗಳು ತಾವಾಗಿ ಮಗುಚುವುದು ಕಂಡಿತು. 1978ರಲ್ಲಿ ಇಂಟೆಲ್‌ನ ಎಂಜಿನಿಯರುಗಳು ಚಿಪ್ಪಿನ ಹೊದಿಕೆಯಲ್ಲಿ ಬೆರೆತಿದ್ದ ವಿಕಿರಣ ವಸ್ತುವಿನ ಅಂಶ ಒಂದು ಕಾರಣವೆಂದು ಕಂಡುಹಿಡಿದರು. 1979ರಲ್ಲಿ ಜೀಗ್ಲರ್ ಮತ್ತು ಲ್ಯಾನ್‌ಫರ್ಡ್ ಎಂಬಿಬ್ಬರು ವಿಶ್ವಕಿರಣಗಳೂ ಹಾಗೆ ಮಾಡಬಲ್ಲವೆಂದು ಲೆಕ್ಕ ಹಾಕಿ ತೋರಿಸಿದರು. ನ್ಯೂಟ್ರಾನ್ ಬಂದು ಸಿಲಿಕಾನ್ ಪರಮಾಣುವಿಗೆ ಬಡಿದರೆ ಹಾರುವ ಚೂರುಗಳಿಂದ ಆ ತೊಟ್ಟು ವಿದ್ಯುತ್ ಹೆಚ್ಚು ಕಡಿಮೆಯಾಗುತ್ತದೆ. ಸೊನ್ನೆ ಒಂದಾಗುತ್ತದೆ, ಒಂದು ಸೊನ್ನೆಯಾಗುತ್ತದೆ. ಚಿಪ್ಪು ಕೆಡುವುದಿಲ್ಲ, ಬರೆದದ್ದು ಮಾತ್ರ ಬದಲಾಗುತ್ತದೆ. 2003ರಲ್ಲಿ ಬೆಲ್ಜಿಯಂನ ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4,096 ಮತ ಹೆಚ್ಚಾಗಿ ಬಂದವು. ಅದು ಒಂದೇ ಬಿಟ್ ಮಗುಚಿದರೆ ಬರುವ ಸಂಖ್ಯೆ. ವಿಶ್ವಕಿರಣದ ಕೆಲಸವಿರಬಹುದೆಂದು ಹಲವರು ಊಹಿಸಿದರು, ಸಾಬೀತಾಗಲಿಲ್ಲ.

ಇದಕ್ಕೆ ಪರಿಹಾರವನ್ನು ಅಮೆರಿಕದ ರಿಚರ್ಡ್ ಹ್ಯಾಮಿಂಗ್ ಅವರು 1950ರಲ್ಲೇ ಪ್ರಕಟಿಸಿದ್ದರು. ಅದನ್ನು ನಮ್ಮ ಹಾಜರಿ ಪುಸ್ತಕದಿಂದ ತಿಳಿಯಬಹುದು. ಮೇಷ್ಟ್ರು ದಿನದ ಕೊನೆಗೆ ಆ ದಿನದ ಮೊತ್ತ ಬರೆಯುತ್ತಾರೆ, ತಿಂಗಳ ಕೊನೆಗೆ ಪ್ರತಿ ಮಗುವಿನ ಮೊತ್ತ ಬರೆಯುತ್ತಾರೆ. ಆಮೇಲೆ ಯಾರಾದರೂ ಒಂದು ಹಾಜರಿಯನ್ನು ತಿದ್ದಿದರೆ ಒಂದು ದಿನದ ಮೊತ್ತವೂ ಒಂದು ಮಗುವಿನ ಮೊತ್ತವೂ ತಾಳೆಯಾಗುವುದಿಲ್ಲ. ಆ ಎರಡೂ ಕೂಡುವ ಮನೆಯಲ್ಲೇ ತಪ್ಪಿದೆ ಎಂದು ಗೊತ್ತಾಗುತ್ತದೆ, ಸರಿಪಡಿಸಬಹುದು. ಇ.ಸಿ.ಸಿ. ಮೆಮೊರಿಯಲ್ಲಿ 64 ಬಿಟ್ಟುಗಳಿಗೆ ಇಂಥ ತಾಳೆಯ ಬಿಟ್ 8 ಇರುತ್ತವೆ. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ. ಎರಡು ತಪ್ಪಿದರೆ ತಿದ್ದಲಾರದು, ಆದರೆ ತಪ್ಪಾಗಿದೆ ಎಂದು ಹೇಳುತ್ತದೆ. ಹೊಸ ಡಿ.ಡಿ.ಆರ್.5 ರ್ಯಾಮ್‌ಗಳಲ್ಲಿ ಚಿಪ್ಪಿನೊಳಗೇ ಒಂದು ಸಣ್ಣ ತಿದ್ದುವ ವ್ಯವಸ್ಥೆ ಇದೆ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯನ್ನು ಅದು ಕಾಯುವುದಿಲ್ಲ, ತಿದ್ದಿದ್ದನ್ನು ನಮಗೆ ತಿಳಿಸುವುದೂ ಇಲ್ಲ. ಅದನ್ನೇ ಪೂರ್ಣ ಇ.ಸಿ.ಸಿ. ಎಂದು ತಿಳಿಯಬಾರದು.

ಹಾಗಾದರೆ ಮನೆಯ ಕಂಪ್ಯೂಟರಿಗೆ ಇದು ಬೇಕೇ? ಸಮಿತಿಯ ಹಿರಿಯರಿಗೆ ಆ ದಿನ ಹೇಳಲಾಗದ್ದನ್ನು ಈಗ ಹೇಳುತ್ತೇನೆ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಅದರಿಂದ ಕಣಗಳು ಕರಾವಳಿಗಿಂತ ಸ್ವಲ್ಪ ಹೆಚ್ಚು. ಆದರೆ ಭಾಭಾ ಅವರನ್ನು ಬೆಂಗಳೂರಿನಲ್ಲಿ ಕೆಲಸಕ್ಕೆ ಹಚ್ಚಿದ ಅದೇ ಭೂಕಾಂತದ ಕಾವಲು ನಮ್ಮ ಮೇಲೂ ಇದೆ. ಉತ್ತರದ ದೇಶಗಳಿಗಿಂತ ನಾವು ಪುಣ್ಯವಂತರು. ನನ್ನ ಉತ್ಸಾಹದ ಮಾತು ಸುಳ್ಳಲ್ಲದಿದ್ದರೂ, ಆಕಾಶವೇ ದೊಡ್ಡ ಕಾರಣವಲ್ಲ. 2009ರಲ್ಲಿ ಗೂಗಲ್ ಸಂಸ್ಥೆಯ ಸರ್ವರುಗಳ ಮೇಲೆ ನಡೆದ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು ಮೂರನೇ ಒಂದರಷ್ಟು ಯಂತ್ರಗಳಲ್ಲಿ ಮೆಮೊರಿ ತಪ್ಪು ಕಂಡಿತು. ಅದರಲ್ಲಿ ಹೆಚ್ಚಿನದು ಕೆಟ್ಟ ಭಾಗಗಳಿಂದ ಬಂದದ್ದೇ ಹೊರತು ಆಕಾಶದಿಂದಲ್ಲ. ನಮ್ಮಲ್ಲಿ ಆದದ್ದೂ ಅದೇ. ಇ.ಸಿ.ಸಿ. ಇದ್ದಿದ್ದರೆ ಮೊದಲ ದಿನವೇ ಆ ತಪ್ಪನ್ನು ತಿದ್ದಿ, ಈ ರ್ಯಾಮ್ ಕೆಟ್ಟಿದೆ ಎಂದು ಎಚ್ಚರಿಸುತ್ತಿತ್ತು. ಅದರ ದೊಡ್ಡ ಉಪಕಾರ ಈ ಎಚ್ಚರಿಕೆಯೇ. ಕೆಟ್ಟು ನಿಂತುಹೋಗುವ ಯಂತ್ರವನ್ನು ದುರಸ್ತಿ ಮಾಡಬಹುದು. ನಡೆಯುತ್ತಲೇ ಸುಳ್ಳು ಬರೆಯುವ ಯಂತ್ರವನ್ನು ಹಿಡಿಯುವುದು ಹೇಗೆ?

ಮಕ್ಕಳು ಟೈಪಿಂಗ್ ಕಲಿಯುವ, ಸಿನಿಮಾ ನೋಡುವ, ಪತ್ರ ಬರೆಯುವ ಕಂಪ್ಯೂಟರಿಗೆ ಈ ಖರ್ಚು ಬೇಡವೆಂದೇ ನಾನು ಗಿರಾಕಿಗಳಿಗೆ ಹೇಳುತ್ತೇನೆ. ರ್ಯಾಮ್ ಒಂದನ್ನೇ ಬದಲಿಸಿದರೆ ಆಗದು, ಮದರ್‌ಬೋರ್ಡ್ ಮತ್ತು ಪ್ರೊಸೆಸರ್ ಕೂಡ ಅದಕ್ಕೆ ಒಪ್ಪುವಂಥವಾಗಿರಬೇಕು. ಅವರಿಗೆ ಹೊಸ ರ್ಯಾಮ್ ಹಾಕಿದ ದಿನ ಒಂದು ರಾತ್ರಿ ಪರೀಕ್ಷೆ, ಮುಖ್ಯ ಕಡತಕ್ಕೆ ಎರಡು ಪ್ರತಿ, ಇಷ್ಟು ಸಾಕು. ಆದರೆ ಮೂಲವೇ ನಾಶವಾಗುತ್ತಿರುವ ದಾಖಲೆ, ಲೆಕ್ಕಪತ್ರ, ಒಬ್ಬರ ಬದುಕು ನಿಂತಿರುವ ಅಂಕಿ ಇದ್ದಲ್ಲಿ ಬೇಕೇಬೇಕು. ತಪ್ಪಾದ ಕಡತಕ್ಕೆ ಹತ್ತು ಪ್ರತಿ ತೆಗೆದಿಟ್ಟರೆ ಹತ್ತೂ ತಪ್ಪೇ.

ಸಮಿತಿಯವರು ದೊಡ್ಡ ಮನಸ್ಸಿನಿಂದ ಒಪ್ಪಿದರು. ದಾಖಲೆಯ ಕಂಪ್ಯೂಟರಿಗೆ ಮಾತ್ರ ಇ.ಸಿ.ಸಿ. ಮೆಮೊರಿ ಬಂತು, ಮಕ್ಕಳ ಲ್ಯಾಬಿಗೆ ಸಾಧಾರಣದ್ದೇ ಇದೆ. ನಾವೇ ತಪ್ಪಾಗಿ ಟೈಪ್ ಮಾಡಿದರೆ ಯಾವ ಮೆಮೊರಿಯೂ ತಿದ್ದದು. ಆದ್ದರಿಂದ ಒಬ್ಬರು ಪುಸ್ತಕ ಓದಿ, ಇನ್ನೊಬ್ಬರು ಪರದೆ ನೋಡಿ, ಎಲ್ಲ ಸಾಲನ್ನೂ ಎರಡನೇ ಸಲ ತಾಳೆ ನೋಡಿದ್ದೇವೆ. ಹಳೆಯ ಪುಸ್ತಕಗಳನ್ನೂ ಬಟ್ಟೆಯಲ್ಲಿ ಸುತ್ತಿ ಅದೇ ಬೀರುವಿನಲ್ಲಿ ಇಟ್ಟಿದ್ದೇವೆ.

ತಾತ ನಮ್ಮ ಸಂಸ್ಥಾನದ ಶಾಲೆಗಳನ್ನು ನೋಡಿಕೊಂಡರು. ಮೊಮ್ಮಗ ನಮ್ಮ ನಾಡಿನ ಆಕಾಶವನ್ನೂ ಗಣಿಯನ್ನೂ ಅಳೆಯಿಸಿದರು. ಅವರ ಕೆಲಸದ ಒಂದು ಎಳೆ ಬಂದು ಒಂದು ಸರ್ಕಾರಿ ಪ್ರೌಢಶಾಲೆಯ ಹುಟ್ಟಿದ ತಾರೀಖಿನ ಕಲಮಿಗೆ ತಾಕುತ್ತದೆ ಎಂದು ಅವರು ಎಣಿಸಿರಲಾರರು. ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ಮಹೋತ್ಸವಕ್ಕೆ ಬಂದಾಗ ಕಚೇರಿಯಲ್ಲಿ ನಿಮ್ಮ ಸಾಲನ್ನು ಒಮ್ಮೆ ನೋಡಿ, ನಿಮ್ಮ ಶಾಲೆ ಬಿಟ್ಟ ಪ್ರಮಾಣಪತ್ರದೊಂದಿಗೆ ತಾಳೆ ಮಾಡಿ. ತಪ್ಪಿದ್ದರೆ ಹೇಳಿ, ಸಂಕೋಚ ಬೇಡ. ನಮ್ಮ ಶಾಲೆ ನೂರು ವರ್ಷದ ಹಬ್ಬ ಮಾಡುವಾಗ ನಮ್ಮ ಮಕ್ಕಳ ಕೈಗೆ ಸಿಗುವ ಪುಸ್ತಕ ಸರಿಯಾಗಿರಲಿ.